ಪ್ರವಚನ ಮೊದಲೋ, ಪ್ರಸಾದ ಮೊದಲೋ?

ಶ್ರಾವಣ ಮಾಸದ ಪ್ರವಚನ ಮಂಗಲವಾದ ಮರುವಾರ ನನ್ನ ದವಾಖಾನೆಯ ಬಾಕಿನ ಮೇಲೆ ಕುಳಿತಿರುವವರಲ್ಲಿ ಬಹುಪಾಲು ಮಂದಿ ಮಠದಲ್ಲಿ ಕಂಡ ಮುಖಗಳೇ ಆಗಿರುತ್ತಾರೆ. ಒಬ್ಬರಿಗೆ ಎದೆಯ ನಡುವೆ ಉರಿ, ಇನ್ನೊಬ್ಬರಿಗೆ ಹುಳಿತೇಗು, ಮತ್ತೊಬ್ಬರಿಗೆ ನಡುರಾತ್ರಿ ಗಂಟಲಿಗೆ ಹುಳಿನೀರು ನುಗ್ಗಿ ಕೆಮ್ಮುತ್ತ ಎದ್ದು ಕೂರುವ ಬಾಧೆ. "ಪಿತ್ತ ಆಗೈತ್ರಿ, ಖಾರಾ ಪೂರಾ ಬಿಟ್ಟೀನಿ, ಆದ್ರೂ ಕಡಿಮಿ ಆಗವಲ್ದು" ಎಂಬುದು ಅವರೆಲ್ಲರ ಒಂದೇ ಮಾತು. ಊಟದಲ್ಲಿ ಏನನ್ನು ಬಿಟ್ಟಿರಿ ಎಂದು ನಾನು ಕೇಳುವುದಕ್ಕೆ ಮೊದಲೇ ಅವರು ಹೇಳಿಬಿಡುತ್ತಾರೆ. ಎಷ್ಟು ಗಂಟೆಗೆ ಉಂಡಿರಿ, ಎಷ್ಟು ಗಂಟೆಗೆ ಮಲಗಿದಿರಿ ಎಂದು ಕೇಳಿದರೆ ಮಾತ್ರ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ಎದೆಯುರಿಯ ಬಗ್ಗೆ ಬರೆಯಿರಿ ಎಂದು ಸಂಪಾದಕರು ಅಪ್ಪಣೆ ಮಾಡಿದಾಗ, ಪಥ್ಯ ಅಪಥ್ಯಗಳ ಪಟ್ಟಿಯೊಂದನ್ನು ಕೊಟ್ಟು ಕೈತೊಳೆದುಕೊಳ್ಳಬಹುದಾಗಿತ್ತು. ಹಿಂದೆ ಹಾಗೆ ಮಾಡಿಯೂ ಇದ್ದೇನೆ. ಈ ಸಲ ಒಂದು ಅಭಿಪ್ರಾಯವನ್ನು ಮಂಡಿಸಬೇಕೆಂದಿದ್ದೇನೆ. ಅದು ಪ್ರವಚನ ಸಮಿತಿಯ ಹಿರಿಯರಿಗೆ ಮೊದಲ ಓದಿನಲ್ಲಿ ರುಚಿಸದಿರಬಹುದು. ನಾನೂ ಇದೇ ಮಠದ ಪ್ರಸಾದವುಂಡು ಬೆಳೆದವನಾದ್ದರಿಂದ ಕೋಪಿಸಿಕೊಳ್ಳಲಾರರೆಂಬ ಭರವಸೆಯಿಂದ ಬರೆಯುತ್ತಿದ್ದೇನೆ.

ಮೊದಲು ಉರಿಯುವುದು ಎಲ್ಲಿ, ಏಕೆ ಎಂಬುದನ್ನು ತಿಳಿಯೋಣ. ನಮ್ಮ ಜಠರವು ದಿನವೊಂದಕ್ಕೆ ಹೆಚ್ಚುಕಡಿಮೆ ಒಂದೂವರೆಯಿಂದ 2 ಲೀಟರಿನಷ್ಟು ರಸವನ್ನು ಸ್ರವಿಸುತ್ತದೆ. ಅದರಲ್ಲಿ ಪ್ರಬಲವಾದ ಹೈಡ್ರೋಕ್ಲೋರಿಕ್ ಆಮ್ಲವಿದೆ. ಜಠರದ ಒಳಪೊರೆಗೆ ಲೋಳೆಯ ಲೇಪನವಿರುವುದರಿಂದ ಆ ಆಮ್ಲವನ್ನು ಅದು ತಡೆದುಕೊಳ್ಳುತ್ತದೆ. ಅದರ ಮೇಲಿರುವ ಅನ್ನನಾಳಕ್ಕೆ ಅಂತಹ ಕವಚವಿಲ್ಲ. ಇವೆರಡೂ ಕೂಡುವಲ್ಲಿ ಒಂದು ಸ್ನಾಯುವಿನ ಬಿಗಿತವಿದೆ. ತುತ್ತು ಇಳಿಯುವಾಗ ಸಡಿಲಗೊಂಡು, ಇಳಿದ ಮೇಲೆ ಬಿಗಿದುಕೊಳ್ಳುವುದು ಅದರ ಕೆಲಸ. ಈ ಬಾಗಿಲು ಅಕಾಲದಲ್ಲಿ ಸಡಿಲವಾದರೆ, ಅಥವಾ ಕೆಳಗಿನ ಒತ್ತಡ ಅದರ ಶಕ್ತಿಯನ್ನು ಮೀರಿದರೆ, ಆಮ್ಲ ಮೇಲಕ್ಕೆ ಬಂದು ಅನ್ನನಾಳವನ್ನು ಸುಡುತ್ತದೆ. ಹೃದಯಕ್ಕೂ ಈ ಉರಿಗೂ ಸಂಬಂಧವಿಲ್ಲ. ಜಾಗ ಮಾತ್ರ ನೆರೆಮನೆ. ಆ ನೆರೆತನದಿಂದ ಆಗುವ ಅನಾಹುತವನ್ನು ಮುಂದೆ ಹೇಳುತ್ತೇನೆ.

ಹಗಲು ಕುಳಿತಿರುವಾಗ, ನಿಂತಿರುವಾಗ ಆಮ್ಲ ಒಂದಿಷ್ಟು ಮೇಲೇರಿದರೂ ಅದರ ಭಾರವೇ ಅದನ್ನು ಕೆಳಗಿಳಿಸುತ್ತದೆ. ನಾವು ಆಗಾಗ ನುಂಗುವ ಎಂಜಲು ಉಳಿದದ್ದನ್ನು ತೊಳೆದು ಶಮನಗೊಳಿಸುತ್ತದೆ. ಮಲಗಿದಾಗ ಈ ಎರಡು ರಕ್ಷಣೆಗಳೂ ಇಲ್ಲವಾಗುತ್ತವೆ. ಅನ್ನನಾಳವೂ ಜಠರವೂ ಒಂದೇ ಮಟ್ಟಕ್ಕೆ ಬರುತ್ತವೆ. ನಿದ್ರೆಯಲ್ಲಿ ಎಂಜಲು ಸ್ರವಿಸುವುದು, ನುಂಗುವುದು ಎರಡೂ ಬಹಳ ಕಡಿಮೆ. ಹೀಗಾಗಿ ರಾತ್ರಿ ಮೇಲೆ ಬಂದ ಆಮ್ಲ ಅಲ್ಲಿಯೇ ಬಹಳ ಹೊತ್ತು ನಿಂತು ಸುಡುತ್ತದೆ. ಸಾಧಾರಣ ಊಟವೊಂದು ಜಠರವನ್ನು ಬಿಟ್ಟು ಕೆಳಗಿಳಿಯಲು ಮೂರು ನಾಲ್ಕು ತಾಸು ಬೇಕು. ಎಣ್ಣೆ ತುಪ್ಪದ ಜಿಡ್ಡು ಹೆಚ್ಚಾದರೆ ಇನ್ನೂ ಹೆಚ್ಚು. ಆದ್ದರಿಂದ ಉಂಡ ಅರ್ಧ ತಾಸಿಗೆ ಹಾಸಿಗೆ ಸೇರಿದವನು ತುಂಬಿದ ಕೊಡವನ್ನು ಅಡ್ಡ ಮಲಗಿಸಿದಂತೆ. ಕೊಡದಲ್ಲಿ ಇರುವುದು ಮಿರ್ಚಿಯೋ ಮೊಸರನ್ನವೋ ಎಂಬುದು ಎರಡನೆಯ ಮಾತು.

ಖಾರವನ್ನು ನಾನು ಪೂರ್ಣ ನಿರ್ದೋಷಿ ಎನ್ನುತ್ತಿಲ್ಲ. ಈಗಾಗಲೇ ಹುಣ್ಣಾದ ಅನ್ನನಾಳಕ್ಕೆ ಖಾರ ತಗುಲಿದರೆ ಉರಿಯುತ್ತದೆ. ಯಾರಿಗೆ ಯಾವುದು ಕೆಡಿಸುತ್ತದೆಯೋ ಅದನ್ನು ಅವರು ಬಿಡಬೇಕು. ಆದರೆ ನಮ್ಮ ಹಿರಿಯರು ಜೋಳದ ರೊಟ್ಟಿಗೆ ಕೆಂಪಿಂಡಿ ಹಚ್ಚಿಕೊಂಡು ಉಂಡವರೇ ಅಲ್ಲವೇ? ಊರಿಗೆ ವಿದ್ಯುತ್ತು ಬರುವುದಕ್ಕೆ ಮೊದಲು ದೀಪ ಹಚ್ಚುವ ಹೊತ್ತಿಗೆ ಊಟ ಮುಗಿಯುತ್ತಿತ್ತು. ಆಮೇಲೆ ಕಟ್ಟೆಯ ಮೇಲೆ ಭಜನೆ, ಮಾತುಕತೆ. ಮಲಗುವಾಗ ಹೊಟ್ಟೆ ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿರುತ್ತಿತ್ತು. ನಮ್ಮ ಊರಿನ ಜೈನ ಬಂಧುಗಳಲ್ಲಿ ನೇಮಸ್ಥರು ಇಂದಿಗೂ ಸೂರ್ಯಾಸ್ತಕ್ಕೆ ಮುನ್ನ ಉಣ್ಣುತ್ತಾರೆ. ಅವರ ಕಾರಣ ಅಹಿಂಸೆಯದು. ಆದರೆ ಅವರ ಅನ್ನನಾಳಕ್ಕೆ ಅದರಿಂದ ಉಪಕಾರವೇ ಆಗಿದೆ.

ನಮ್ಮ ಶಾಸ್ತ್ರದಲ್ಲಿ ಈ ವ್ಯಾಧಿಗೆ ಆಮ್ಲಪಿತ್ತವೆಂದು ಹೆಸರು. ಚರಕ ಸಂಹಿತೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ಅಧ್ಯಾಯವಿಲ್ಲ. ಕಾಶ್ಯಪ ಸಂಹಿತೆಯ ಖಿಲಸ್ಥಾನದಲ್ಲಿ ಇದೆ. ಮಾಧವಕರನು ತನ್ನ ನಿದಾನ ಗ್ರಂಥದಲ್ಲಿ ಇದನ್ನು ಮೇಲಕ್ಕೆ ಹರಿಯುವುದು, ಕೆಳಕ್ಕೆ ಹರಿಯುವುದು ಎಂದು ಎರಡಾಗಿ ವಿಂಗಡಿಸಿದ್ದಾನೆ. ಕಾಶ್ಯಪರು ಹೇಳುವ ಕಾರಣಗಳನ್ನು ಓದುವಾಗಲೆಲ್ಲ ನನಗೆ ನಮ್ಮ ಪೇಟೆಯ ಸಂಜೆ ಕಣ್ಣ ಮುಂದೆ ಬರುತ್ತದೆ. ಹಿಂದಿನ ಊಟ ಜೀರ್ಣವಾಗುವ ಮೊದಲೇ ಮತ್ತೆ ಉಣ್ಣುವುದು, ಹುರಿದ ಧಾನ್ಯ, ಅವಲಕ್ಕಿ, ಹುರುಳಿ, ಕಬ್ಬಿನ ಹಾಲಿನಿಂದಾದ ಸಿಹಿ ಪದಾರ್ಥಗಳ ಅತಿ ಸೇವನೆ, ತಂಗಳು, ವೇಗಗಳನ್ನು ತಡೆಯುವುದು, ಉಂಡುಂಡು ಮಲಗುವುದು. ಐದೂವರೆಗೆ ಚುರುಮುರಿ ಮಿರ್ಚಿ, ಆರಕ್ಕೆ ಸಕ್ಕರೆ ಹೆಚ್ಚಾದ ಚಹಾ, ಒಂಬತ್ತೂವರೆಗೆ ಊಟ, ಹತ್ತೂಕಾಲಿಗೆ ಹಾಸಿಗೆ. ಈ ದಿನಚರಿಯನ್ನು ಆ ಋಷಿಗಳು ಎಲ್ಲಿ ನೋಡಿದ್ದರೋ! ಅಜೀರ್ಣದ ಮೇಲೆ ಉಣ್ಣುವುದಕ್ಕೆ ಅಧ್ಯಶನ ಎಂದು ಹೆಸರು. ನಾನು ಬರೆಯುವ ಚೀಟಿಗಳಲ್ಲಿ ಔಷಧಕ್ಕಿಂತ ಹೆಚ್ಚು ಸಲ ಹೊಡೆದುಹಾಕಬೇಕಾದ ಪದ ಅದು.

ಈಗ ಮಠದ ವಿಷಯಕ್ಕೆ ಬರುತ್ತೇನೆ. ಶ್ರಾವಣದ ತಿಂಗಳಿಡೀ ಪ್ರವಚನ ಸಂಜೆ ಏಳಕ್ಕೆ ಎಂದು ಪತ್ರಿಕೆಯಲ್ಲಿ ಮುದ್ರಿಸುತ್ತೇವೆ. ಪ್ರಾರ್ಥನೆ, ಸ್ವಾಗತ, ದಾಸೋಹ ಸೇವಾಕರ್ತರ ಸನ್ಮಾನ ಮುಗಿದು ಪ್ರವಚನಕಾರರು ಮಾತು ಆರಂಭಿಸುವಾಗ ಏಳೂ ಮುಕ್ಕಾಲು. ಮಂಗಳಾರತಿಯಾಗುವಾಗ ಒಂಬತ್ತೂಕಾಲು. ಆಮೇಲೆ ಪ್ರಸಾದ. ಮೊದಲ ಪಂಕ್ತಿಯವರು ಒಂಬತ್ತೂವರೆಗೆ ಕುಳಿತರೆ ಕಡೆಯ ಪಂಕ್ತಿಯವರು ಹತ್ತು ದಾಟಿದ ಮೇಲೆ. ಎಲೆಯ ಮೇಲೆ ಗೋಧಿ ಹುಗ್ಗಿ, ಅದರ ಮೇಲೆ ತುಪ್ಪ, ಬದನೆಕಾಯಿ ಎಣಗಾಯಿ, ಮಿರ್ಚಿ, ಅನ್ನ ಸಾರು. ಮನೆಗೆ ಬಂದವರು ಮರುದಿನ ಬೆಳಗ್ಗೆ ಐದಕ್ಕೆ ಏಳಬೇಕಾದವರು. ಕೂಡಲೇ ಮಲಗದೆ ಏನು ಮಾಡಿಯಾರು? ಹೀಗೆ ಮೂವತ್ತು ದಿನ. ನನ್ನ ದವಾಖಾನೆಯ ಬಾಕು ಭಾದ್ರಪದದಲ್ಲಿ ತುಂಬುವುದರಲ್ಲಿ ಆಶ್ಚರ್ಯವಿಲ್ಲ.

ನನ್ನ ವಿನಂತಿ ಇಷ್ಟೆ: ಪ್ರಸಾದವನ್ನು ಪ್ರವಚನಕ್ಕೆ ಮೊದಲು ಇಡೋಣ. ಆರೂವರೆಯಿಂದ ಏಳೂವರೆಯವರೆಗೆ ಪ್ರಸಾದ, ಏಳೂ ಮುಕ್ಕಾಲಿಗೆ ಪ್ರವಚನ, ಒಂಬತ್ತಕ್ಕೆ ಮಂಗಳ. ಉಂಡ ಮೇಲೆ ಒಂದೂಕಾಲು ತಾಸು ನೆಟ್ಟಗೆ ಕುಳಿತು ಕೇಳುವುದು, ಆಮೇಲೆ ಮನೆಯವರೆಗೆ ನಡೆದು ಹೋಗುವುದು. ಜಠರಕ್ಕೆ ಇದಕ್ಕಿಂತ ಒಳ್ಳೆಯ ಪಥ್ಯವನ್ನು ನಾನು ಬರೆದುಕೊಡಲಾರೆ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ, ಏಕೆಂದರೆ ಕಳೆದ ವರ್ಷವೇ ಕೇಳಿಸಿಕೊಂಡಿದ್ದೇನೆ. "ಉಂಡ ಮಂದಿ ಎದ್ದು ಹೋಗ್ತಾರ, ಪ್ರವಚನಕ್ಕ ಯಾರೂ ಉಳಿಯಂಗಿಲ್ಲ" ಎಂದರು ಒಬ್ಬರು. ಸದ್ಭಕ್ತರ ಬಗ್ಗೆ ಇಷ್ಟು ಕೀಳು ಎಣಿಕೆ ಬೇಡ. ಕೆಲವರು ಹೋಗಬಹುದು, ಊಟಕ್ಕಾಗಿಯೇ ಕುಳಿತವರು ಈಗಲೂ ಕಂಬಕ್ಕೊರಗಿ ತೂಕಡಿಸುತ್ತಲೇ ಇದ್ದಾರೆ. ಹೊಟ್ಟೆ ಹಸಿದವನ ಕಿವಿಗೆ ಅನುಭಾವದ ಮಾತು ಇಳಿಯುವುದು ಕಷ್ಟವೆಂಬುದನ್ನೂ ನೆನೆಯಬೇಕು. ಎರಡನೆಯ ಆಕ್ಷೇಪ ನ್ಯಾಯವಾದದ್ದು: ಹೊಲದಿಂದ ಬರುವವರಿಗೆ, ಹಾಲು ಕರೆಯುವ ಮನೆಗಳ ಹೆಣ್ಣುಮಕ್ಕಳಿಗೆ ಆರೂವರೆಗೆ ಮಠ ಮುಟ್ಟಲಾಗದು. ಅವರಿಗಾಗಿ ಪ್ರವಚನದ ನಂತರ ಚಿಕ್ಕ ಪಂಕ್ತಿಯೊಂದನ್ನು ಉಳಿಸೋಣ, ಆದರೆ ಆ ಪಂಕ್ತಿಗೆ ಹುಗ್ಗಿ ಬೇಡ. ಜೋಳದ ನುಚ್ಚು, ಮಜ್ಜಿಗೆ, ಹೆಸರುಬೇಳೆಯ ತೆಳ್ಳನೆಯ ಕಟ್ಟು ಸಾಕು. ಸಿಹಿಯ ಸೇವೆ ಮಾಡಬಯಸುವ ದಾಸೋಹಿಗಳು ಮಧ್ಯಾಹ್ನದ ಪ್ರಸಾದಕ್ಕೆ ಮಾಡಲಿ. ನಡುಹಗಲಿನಲ್ಲಿ ಜಠರಾಗ್ನಿ ಬಲವಾಗಿರುತ್ತದೆಂದು ಶಾಸ್ತ್ರ ಹೇಳುತ್ತದೆ. ಉಂಡವರು ಆಮೇಲೆ ಆರೇಳು ತಾಸು ಎಚ್ಚರವಾಗಿರುತ್ತಾರೆಂಬುದು ಯಾರಿಗಾದರೂ ತಿಳಿಯುವ ಮಾತು.

"ಮೊದಲಿನಿಂದ ಹೀಂಗ ನಡಕೊಂಡ ಬಂದೈತಿ" ಎಂಬುದು ಮೂರನೆಯದು. ನಾನು ಬಾಲಕನಾಗಿದ್ದಾಗ ಪ್ರವಚನ ನಡೆಯುತ್ತಿದ್ದುದು ಸಂಜೆ ಐದಕ್ಕೆ, ಹೊತ್ತು ಮುಳುಗುವುದರೊಳಗೆ ಮುಗಿಯುತ್ತಿತ್ತು. ಅಂದಿನವರು ಇನ್ನೂ ಇದ್ದಾರೆ, ಕೇಳಬಹುದು.

ಈ ವ್ಯವಸ್ಥೆಯಲ್ಲಿ ಎಲ್ಲರಿಗಿಂತ ಹೆಚ್ಚು ಬಾಧೆಪಡುವವರು ಯಾರೆಂದರೆ ರೊಟ್ಟಿ ಬಡಿಯುವ, ಬಡಿಸುವ ತಾಯಂದಿರು. ಮಧ್ಯಾಹ್ನ ಮೂರಕ್ಕೆ ಅಡುಗೆಮನೆ ಸೇರಿದವರು ಒಲೆಯ ಕಾವಿನಲ್ಲಿ ಬರಿಹೊಟ್ಟೆಗೆ ಮೂರು ನಾಲ್ಕು ಸಲ ಚಹಾ ಕುಡಿಯುತ್ತಾರೆ. ಎಲ್ಲರ ಪಂಕ್ತಿ ಎದ್ದ ಮೇಲೆ, ಹನ್ನೊಂದರ ಹೊತ್ತಿಗೆ, ಆರಿದ ಅನ್ನಕ್ಕೆ ಕೈ ಹಾಕುತ್ತಾರೆ. ಉಂಡವರೇ ಸೊಂಟ ಬಾಗಿಸಿ ನೆಲ ಒರೆಸುತ್ತಾರೆ. ತುಂಬಿದ ಹೊಟ್ಟೆಯಲ್ಲಿ ಬಾಗಿದರೆ ಒತ್ತಡ ನೇರವಾಗಿ ಆ ಸ್ನಾಯುವಿನ ಬಾಗಿಲಿನ ಮೇಲೆ ಬೀಳುತ್ತದೆ. ಇಪ್ಪತ್ತು ವರ್ಷಗಳಿಂದ ದಾಸೋಹದಲ್ಲಿ ದುಡಿದ ಅಜ್ಜಿಯೊಬ್ಬರು ಕಳೆದ ಕಾರ್ತಿಕದಲ್ಲಿ ರೊಟ್ಟಿ ನುಂಗಲಾಗುತ್ತಿಲ್ಲವೆಂದು ಬಂದರು. ಪರೀಕ್ಷೆಗೆ ಜಿಲ್ಲಾ ಊರಿಗೆ ಕಳಿಸಿದೆ. ವರ್ಷಗಟ್ಟಲೆಯ ಆಮ್ಲದಿಂದ ಅನ್ನನಾಳ ಗಾಯವಾಗಿ, ಗಾಯ ಮಾಯುವಾಗ ಕುಗ್ಗಿ ಕಿರಿದಾಗಿತ್ತು. ಪುಣ್ಯಕ್ಕೆ ಅರ್ಬುದವಾಗಿರಲಿಲ್ಲ. ಈಗ ಅವರು ಮೆತ್ತನೆಯ ಅನ್ನ ಉಣ್ಣುತ್ತಾರೆ, ರೊಟ್ಟಿ ಮಾತ್ರ ಇತರರಿಗೆ ಬಡಿದುಕೊಡುತ್ತಾರೆ. ಬಡಿಸುವವರ ಪಂಕ್ತಿ ಮೊದಲು ಕೂರಬೇಕೆಂಬುದು ನನ್ನ ಎರಡನೆಯ ವಿನಂತಿ. ಜಂಗಮರು, ಅತಿಥಿಗಳು ಉಣ್ಣುವ ಮೊದಲು ತಾವು ಉಣ್ಣಲು ಆ ತಾಯಂದಿರು ಒಪ್ಪಲಾರರು. ಪೂಜ್ಯರೇ ಅಪ್ಪಣೆ ಕೊಡಿಸಬೇಕು.

ಪ್ರಸಾದವನ್ನು ಬಿಡಬಾರದೆಂಬ ನಿಷ್ಠೆ ನಮ್ಮದು. ಎಲೆಯಲ್ಲಿ ಅಗುಳು ಉಳಿಸದೆ, ಕೈತೊಳೆದ ನೀರನ್ನೂ ಕುಡಿಯುವ ಹಿರಿಯರು ನಮ್ಮಲ್ಲಿದ್ದಾರೆ. ಆ ನಿಷ್ಠೆಗೆ ತಲೆಬಾಗುತ್ತೇನೆ. ಆದರೆ ಬಡಿಸುವ ಹುಡುಗರು ಉತ್ಸಾಹದಲ್ಲಿ ಎರಡು ಸೌಟು ಹೆಚ್ಚು ಸುರಿದರೆ, ಎಪ್ಪತ್ತರ ಮುದುಕರು ಪಾಪಭೀತಿಯಿಂದ ಅದಷ್ಟನ್ನೂ ಉಂಡು ರಾತ್ರಿಯೆಲ್ಲ ಒದ್ದಾಡುತ್ತಾರೆ. ಹೊಟ್ಟೆಯಲ್ಲಿ ಮೂರು ಪಾಲು ಮಾಡಿ ಒಂದನ್ನು ಘನಾಹಾರಕ್ಕೆ, ಒಂದನ್ನು ದ್ರವಕ್ಕೆ, ಉಳಿದ ಒಂದನ್ನು ವಾತಾದಿಗಳ ಸಂಚಾರಕ್ಕೆ ಬಿಡಬೇಕೆಂದು ಚರಕರು ಹೇಳಿದ್ದಾರೆ. ಮೊದಲೇ ಕೈ ಅಡ್ಡ ಹಿಡಿಯುವುದು ಪ್ರಸಾದಕ್ಕೆ ಅಗೌರವವಲ್ಲ; ಕೇಳಿದಷ್ಟನ್ನೇ ನೀಡುವಂತೆ ಹುಡುಗರಿಗೆ ಕಲಿಸಿದರೆ ಸಾಕು.

ಸೋಮವಾರದ ಉಪವಾಸದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ದಿನವಿಡೀ ಚಹಾ ಕುಡಿದು, ಎಣ್ಣೆಯಲ್ಲಿ ಹೊರಳಾಡಿಸಿದ ಸಾಬೂದಾಣಿ, ಹುರಿದ ಶೇಂಗಾ ತಿಂದು ರಾತ್ರಿ ಹೋಳಿಗೆಯಿಂದ ಪಾರಣೆ ಮಾಡುವುದನ್ನು ಉಪವಾಸವೆನ್ನಲು ನನ್ನ ಮನಸ್ಸು ಒಪ್ಪದು. ಹೊಟ್ಟೆಯುರಿ ಇರುವವರು ಆ ದಿನ ಎರಡು ಹೊತ್ತು ಗಂಜಿ ಕುಡಿಯಲಿ.

ತಂಬಾಕಿನ ಮಾತು ಬಿಟ್ಟರೆ ಲೇಖನ ಅಪೂರ್ಣ. ಬೀಡಿಯಾಗಲಿ, ಎಲೆ ಅಡಿಕೆಯೊಡನೆ ತಂಬಾಕಾಗಲಿ, ಗುಟಕಾ ಆಗಲಿ, ಅದರಲ್ಲಿರುವ ನಿಕೋಟಿನ್ ಆ ಸ್ನಾಯುವಿನ ಬಿಗಿತವನ್ನು ಸಡಿಲಿಸುತ್ತದೆ. ಊಟವಾದ ಮೇಲೆ ಜೀರ್ಣಕ್ಕೆಂದು ತಂಬಾಕು ಹಾಕಿಕೊಳ್ಳುವವರು ಬಾಗಿಲನ್ನು ತಾವೇ ತೆರೆದಿಟ್ಟಂತೆ.

ಇನ್ನು ಔಷಧಗಳು. ಸೋಡಾಪುಡಿಯನ್ನು ನೀರಿಗೆ ಹಾಕಿ ಕುಡಿದರೆ ಆಮ್ಲ ಶಮನವಾಗುವುದು ನಿಜ, ಜೊತೆಗೆ ಇಂಗಾಲದ ಡೈಆಕ್ಸೈಡ್ ಅನಿಲ ಹುಟ್ಟಿ ಹೊಟ್ಟೆ ಉಬ್ಬುವುದೂ ನಿಜ. ದೊಡ್ಡ ತೇಗು ಬಂದ ಕೂಡಲೇ ಗುಣವಾಯಿತೆಂದು ಜನ ತಿಳಿಯುತ್ತಾರೆ. ಅದರಲ್ಲಿರುವ ಸೋಡಿಯಂ ರಕ್ತದೊತ್ತಡದವರಿಗೆ, ಮೂತ್ರಪಿಂಡದ ತೊಂದರೆಯವರಿಗೆ ಹಿತವಲ್ಲ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮಾತ್ರೆಗಳನ್ನು ನಾನು ಹಳಿಯುವುದಿಲ್ಲ. ಬೇಕಾದವರಿಗೆ ಅವು ನಿಜಕ್ಕೂ ಉಪಕಾರಿ. ಆ ಅಜ್ಜಿಯೂ ಈಗ ತೆಗೆದುಕೊಳ್ಳುತ್ತಿದ್ದಾರೆ. ಆದರೆ ಅವನ್ನು ಊಟಕ್ಕೆ ಅರ್ಧ ತಾಸು ಮೊದಲು ನುಂಗಬೇಕು. ನಮ್ಮವರು ಉರಿ ಹತ್ತಿದ ಮೇಲೆ ನುಂಗುತ್ತಾರೆ. ವೈದ್ಯರನ್ನು ಕೇಳದೆ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಜೀವಸತ್ತ್ವ ಕಡಿಮೆಯಾಗಬಹುದು, ಒಮ್ಮೆಲೇ ಬಿಟ್ಟರೆ ಉರಿ ಇಮ್ಮಡಿಯಾಗಿ ಮರಳಬಹುದು. ಮೊಣಕಾಲು ನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಗುಳಿಗೆ ಜಠರದಲ್ಲಿ ಹುಣ್ಣು ಮಾಡುತ್ತದೆ. ಉಂಡ ಮೇಲೆ ನುಂಗಿದರೂ ಪೂರ್ಣ ನಿರಪಾಯವಲ್ಲ. ಚಿಂತೆ ಮತ್ತು ಖಾರದಿಂದ ಹುಣ್ಣಾಗುತ್ತದೆಂದು ನಾವು ವಿದ್ಯಾರ್ಥಿಗಳಾಗಿದ್ದಾಗ ಓದಿದ್ದೆವು. 1984ರಲ್ಲಿ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಎಂಬ ವೈದ್ಯರು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಾಣುವಿನ ದ್ರಾವಣವನ್ನು ತಾವೇ ಕುಡಿದು ಜಠರದ ಉರಿಯೂತವನ್ನು ಬರಿಸಿಕೊಂಡರು. 2005ರಲ್ಲಿ ಅವರಿಗೂ ರಾಬಿನ್ ವಾರೆನ್ ಅವರಿಗೂ ನೊಬೆಲ್ ಪ್ರಶಸ್ತಿ ಬಂತು. ಹಳೆಯ ಪಾಠವನ್ನು ತಿದ್ದಿಕೊಳ್ಳಲು ನಮ್ಮಂತಹವರಿಗೆ ಸಂಕೋಚವಾಗಬಾರದು.

ನಮ್ಮ ಕಡೆಯ ತಪ್ಪನ್ನೂ ಹೇಳಬೇಕಲ್ಲ. ಆಯುರ್ವೇದದ ಔಷಧಕ್ಕೆ ಅಡ್ಡಪರಿಣಾಮವಿಲ್ಲವೆಂದು ನಂಬಿ ಆಮ್ಲಪಿತ್ತದವರು ಶುಂಠಿ ಮೆಣಸಿನ ಕಷಾಯವನ್ನು ದಿನಕ್ಕೆ ಮೂರು ಸಲ ಕುಡಿದು ಬರುವುದುಂಟು. ಅವಿಪತ್ತಿಕರ ಚೂರ್ಣ ಆಮ್ಲಪಿತ್ತಕ್ಕೆ ಪ್ರಸಿದ್ಧವಾದ ಯೋಗ; ಶಾಸ್ತ್ರೋಕ್ತ ಪ್ರಮಾಣದಲ್ಲಿ ಮಾಡಿದರೆ ಅದರ ಅರ್ಧಭಾಗ ಸಕ್ಕರೆ, ಮೂರನೆಯ ಒಂದು ಭಾಗ ತ್ರಿವೃತ್ ಎಂಬ ವಿರೇಚಕ ಬೇರು. ಮಧುಮೇಹಿಯೊಬ್ಬರು ಅದನ್ನು ತಿಂಗಳುಗಟ್ಟಲೆ ತಾವೇ ತಿಂದರೆ ಯಾರು ಹೊಣೆ?

ಈಗ ನೆರೆತನದ ಅನಾಹುತ. ಹದಿನೈದು ವರ್ಷಗಳ ಹಿಂದೆ ಜಾತ್ರೆಯ ರಾತ್ರಿ, ಪ್ರಸಾದವಾದ ಮೇಲೆ, ಐವತ್ತರ ಹರೆಯದ ರೈತರೊಬ್ಬರು ನನ್ನ ಬಾಗಿಲು ತಟ್ಟಿದರು. ಸಕ್ಕರೆ ಕಾಯಿಲೆ ಇದ್ದವರು. ಎದೆಯುರಿ, ಹೊಟ್ಟೆಯುಬ್ಬರ, ಮೈ ಬೆವರಿತ್ತು. ನಾನೂ ಅದೇ ಹುಗ್ಗಿ ಉಂಡು ಬಂದವನು. ಬೆವರಿಗೆ ಜಾತ್ರೆಯ ಸೆಕೆಯನ್ನು ಕಾರಣಮಾಡಿ ಶಂಖವಟಿ ಕೊಟ್ಟು ಕಳಿಸಿದೆ. ನಸುಕಿನಲ್ಲಿ ಅವರ ಮಗ ಅವರನ್ನು ಜೀಪಿನಲ್ಲಿ ದೊಡ್ಡ ಆಸ್ಪತ್ರೆಗೆ ಒಯ್ಯಬೇಕಾಯಿತು. ಹೃದಯಾಘಾತವಾಗಿತ್ತು. ಬದುಕಿದರು, ಆದರೆ ನೇಗಿಲು ಹಿಡಿಯುವ ಶಕ್ತಿ ಮರಳಲಿಲ್ಲ. ಅವರು ಇಂದಿಗೂ ನನ್ನನ್ನು ಕಂಡರೆ ಶರಣು ಎನ್ನುತ್ತಾರೆ, ನನಗೆ ಅವರ ಮುಖ ನೋಡುವುದು ಕಷ್ಟ. ಅಂದಿನಿಂದ ನಲವತ್ತು ದಾಟಿದವರು, ಸಕ್ಕರೆ ಅಥವಾ ರಕ್ತದೊತ್ತಡ ಇರುವವರು ಮೊದಲ ಬಾರಿಗೆ ಎದೆಯುರಿ ಎಂದು ಬಂದರೆ ಇಸಿಜಿ ಮಾಡಿಸದೆ ನಾನು ಚೂರ್ಣದ ಡಬ್ಬಿ ಮುಟ್ಟುವುದಿಲ್ಲ. ಉರಿಯೊಡನೆ ಬೆವರು, ಉಸಿರಾಟದ ತೊಂದರೆ, ಎಡತೋಳಿಗೋ ದವಡೆಗೋ ಹರಡುವ ನೋವು, ನಡೆದಾಗ ಹೆಚ್ಚುವ ಬಿಗಿತ ಇದ್ದರೆ ಅದು ಗ್ಯಾಸ್ ಎಂದು ಮನೆಯವರು ತೀರ್ಮಾನಿಸಬಾರದು. ಆಂಬುಲೆನ್ಸಿಗೆ 108 ಕರೆಯಬೇಕು. ಹೆಣ್ಣುಮಕ್ಕಳಲ್ಲಿ, ಮಧುಮೇಹಿಗಳಲ್ಲಿ ಈ ಲಕ್ಷಣಗಳೂ ಸ್ಪಷ್ಟವಾಗಿ ಕಾಣದಿರುವುದುಂಟು. ನುಂಗಲು ತೊಂದರೆ, ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪು ಮಲ, ರಕ್ತವಾಂತಿ ಇವು ಕೂಡ ಮನೆಮದ್ದಿನಿಂದ ಪರಿಹಾರವಾಗತಕ್ಕವಲ್ಲ.

ಮನೆಯಲ್ಲಿ ಮಾಡಿಕೊಳ್ಳಬಹುದಾದ ಒಂದೆರಡು ಮಾತು. ರಾತ್ರಿಯ ಊಟಕ್ಕೂ ನಿದ್ರೆಗೂ ನಡುವೆ ಮೂರು ತಾಸಿನ ಅಂತರವಿರಲಿ. ಮಂಚದ ತಲೆಕಡೆಯ ಕಾಲುಗಳ ಕೆಳಗೆ ಅರ್ಧ ಅಡಿಯ ಎತ್ತರಕ್ಕೆ ಇಟ್ಟಿಗೆಯನ್ನೋ ಕಟ್ಟಿಗೆಯ ತುಂಡನ್ನೋ ಭದ್ರವಾಗಿ ಇಡಿ. ಎರಡು ಮೂರು ದಿಂಬು ಪೇರಿಸುವುದು ಬೇಡ; ಅದರಿಂದ ಕುತ್ತಿಗೆ ಹೊಟ್ಟೆಗಳೇ ಮಡಚುತ್ತವೆ. ಎಡಮಗ್ಗುಲಾಗಿ ಮಲಗಿದರೆ ಜಠರ ಅನ್ನನಾಳಕ್ಕಿಂತ ಕೆಳಗಿರುತ್ತದೆ. ಹೊಟ್ಟೆ ಬೆಳೆದವರು ಸ್ವಲ್ಪ ತೂಕ ಇಳಿಸಿದರೂ ಗುಣ ಕಾಣುತ್ತದೆ. ಲುಂಗಿಯನ್ನು, ಸೀರೆಯ ಲಂಗದ ಲಾಡಿಯನ್ನು ಬಿಗಿಯಾಗಿ ಕಟ್ಟಬಾರದು. ಮಲಗುವಾಗ ಹಾಲು ಕುಡಿದರೆ ಆ ಕ್ಷಣಕ್ಕೆ ತಂಪೆನಿಸಿದರೂ ಸ್ವಲ್ಪ ಹೊತ್ತಿನಲ್ಲಿ ಆಮ್ಲ ಮತ್ತೆ ಸ್ರವಿಸುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳೂ ಉರಿಯನ್ನು ಹೆಚ್ಚಿಸಬಲ್ಲವು. ಅನುಮಾನವಿದ್ದರೆ ಕೊಟ್ಟ ವೈದ್ಯರನ್ನೇ ಕೇಳಿ, ತಾವಾಗಿ ಬಿಡಬೇಡಿ.

ಶ್ರಾವಣದ ಸಿದ್ಧತೆಗೆ ಪ್ರವಚನ ಸಮಿತಿಯ ಸಭೆ ಕಾರಹುಣ್ಣಿಮೆಯ ನಂತರ ಸೇರಲಿದೆ. ನನ್ನ ಎರಡೂ ವಿನಂತಿಗಳನ್ನು ಬರೆದು ಪೂಜ್ಯರ ಸನ್ನಿಧಿಗೆ ಒಪ್ಪಿಸಿದ್ದೇನೆ. ಹೆಸರು ಕೊಡಲೊಪ್ಪದ ದಾಸೋಹದ ತಾಯಂದಿರು ಹನ್ನೊಂದು ಮಂದಿ ಅದಕ್ಕೆ ಹೆಬ್ಬೆಟ್ಟು ಒತ್ತಿದ್ದಾರೆ. ಪ್ರವಚನದ ನಂತರದ ಚಿಕ್ಕ ಪಂಕ್ತಿಗೆ ನುಚ್ಚು ಮಾಡುವುದೆಂದು ಸಮಿತಿ ನಿರ್ಧರಿಸಿದರೆ, ತಿಂಗಳಿಗೆ ಬೇಕಾಗುವ ಬಿಳಿಜೋಳದ ಚೀಲಗಳು ನಮ್ಮ ಹೊಲದಿಂದ ಬರುತ್ತವೆ. ಒಡೆಸಿಕೊಡುವ ಕೂಲಿಯೂ ನನ್ನದೇ.